ಎಲೆಕ್ಟ್ರಾನಿಕ್ ಪಿಪೆಟ್‌ನ ಬ್ಯಾಟರಿ: ಚಾರ್ಜ್ ಮಾಡುವುದು, ಬದಲಿಸುವುದು, ಅದಕ್ಕೂ ಮೊದಲು ನೋಡಬೇಕಾದ್ದು

"ಪಿಪೆಟ್ ಚಾರ್ಜ್ ನಿಲ್ತಾ ಇಲ್ಲ, ಬ್ಯಾಟರಿ ಹೋಗಿದೆ ಅನ್ಸುತ್ತೆ. ಹೊಸದು ಎಲ್ಲಿ ಸಿಗುತ್ತೆ?"

ಲ್ಯಾಬ್‌ಗಳಲ್ಲಿ ಕೆಲಸ ಮಾಡುವ ಓದುಗರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದೇ. ಪಿಪೆಟ್ ಅಂದರೆ ಸ್ವಲ್ಪ ಸ್ವಲ್ಪ ದ್ರವವನ್ನು ನಿಖರವಾಗಿ ಅಳೆದು ಎಳೆದು ಬಿಡುವ ಕೈ ಉಪಕರಣ. ಕೇಳುವವರು ಹೆಚ್ಚಾಗಿ ರಜೆ ಮುಗಿಸಿ ಬಂದ ಪಿಎಚ್‌ಡಿ ವಿದ್ಯಾರ್ಥಿಗಳು. ಇಲ್ಲದಿದ್ದರೆ ಬೆಳಿಗ್ಗೆ ಏಳಕ್ಕೇ ಸ್ಯಾಂಪಲ್ ಬಂದು ಕೂರುವ ಡಯಾಗ್ನಾಸ್ಟಿಕ್ ಲ್ಯಾಬ್‌ನ ಟೆಕ್ನೀಷಿಯನ್‌ಗಳು. ಇಬ್ಬರಿಗೂ ನಾನು ಹೇಳುವುದು ಒಂದೇ: ಇಂಡೆಂಟ್, ಅಂದರೆ ಖರೀದಿ ಕೋರಿಕೆ, ಹಾಕುವ ಮೊದಲು ಒಂದು ದಿನ ತಡೆಯಿರಿ. ಬ್ಯಾಟರಿ ಬದಲಿಸುವುದು ಐದು ನಿಮಿಷದ ಕೆಲಸ. ಅದು ನಿಜವಾಗಿಯೂ ಹೋಗಿದೆಯಾ ಅಂತ ಗೊತ್ತುಮಾಡಿಕೊಳ್ಳುವುದೇ ಅಸಲು ಕೆಲಸ. ಹಾಗಾಗಿ ಈ ಲೇಖನದ ಅರ್ಧ ಭಾಗ ಮುಚ್ಚಳ ತೆಗೆಯುವುದಕ್ಕೆ ಮುಂಚಿನದ್ದು.

ಒಂದು ಎಚ್ಚರಿಕೆ ಮಾತ್ರ ಎಲ್ಲಕ್ಕಿಂತ ಮೊದಲು. ಬ್ಯಾಟರಿ ಮುಚ್ಚಳ ಮೇಲೆದ್ದಿದ್ದರೆ, ಪಿಪೆಟ್‌ನ ಬೆನ್ನು ಉಬ್ಬಿದ ಹಾಗೆ ಕಂಡರೆ, ಚಾರ್ಜ್ ಮಾಡುವಾಗ ಕೈ ಇಡಲಾಗದಷ್ಟು ಬಿಸಿಯಾದರೆ, ಸಿಹಿ ಸಿಹಿ ಸಾಲ್ವೆಂಟ್ ವಾಸನೆ ಬಂದರೆ, ಅಲ್ಲಿಗೇ ನಿಲ್ಲಿಸಿ. ಪ್ಲಗ್ ತೆಗೆಯಿರಿ. ಮತ್ತೆ ಚಾರ್ಜ್‌ಗೆ ಹಾಕಬೇಡಿ. ಮುಂದಿನ ಪರೀಕ್ಷೆ ಯಾವುದೂ ಬೇಡ, ನೇರ 5 ಮತ್ತು 6ನೇ ಹಂತ ಓದಿ.

ಒಳಗೆ ಏನಿದೆ

ಮಾಮೂಲಿ ಪಿಪೆಟ್‌ನಲ್ಲಿ ನಿಮ್ಮ ಹೆಬ್ಬೆರಳು ಮಾಡುವ ಕೆಲಸವನ್ನು ಎಲೆಕ್ಟ್ರಾನಿಕ್ ಪಿಪೆಟ್‌ನಲ್ಲಿ ಪುಟ್ಟ ಮೋಟಾರು ಮಾಡುತ್ತದೆ. ಮೋಟಾರು ಪಿಸ್ಟನ್ನನ್ನು, ಅಂದರೆ ಕೊಳವೆಯೊಳಗಿನ ಸಣ್ಣ ದಂಡವನ್ನು, ಮೇಲೆ ಕೆಳಗೆ ಎಳೆಯುತ್ತದೆ. ದ್ರವ ಎಳೆದುಕೊಳ್ಳುವುದಕ್ಕೆ ಆಸ್ಪಿರೇಟ್ ಅನ್ನುತ್ತೇವೆ, ಬಿಡುವುದಕ್ಕೆ ಡಿಸ್ಪೆನ್ಸ್. ಕೆಲವು ಮಾದರಿಗಳಲ್ಲಿ ಟಿಪ್, ಅಂದರೆ ತುದಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಮೂತಿ, ಉದುರಿಸುವುದೂ ಮೋಟಾರೇ. ಇದಕ್ಕೆಲ್ಲ ಶಕ್ತಿ ಕೊಡುವುದು ಹಿಡಿಕೆಯೊಳಗಿನ ಒಂದೇ ಒಂದು ಸಣ್ಣ ಬ್ಯಾಟರಿ.

ಈಗ ಬರುವ ಪಿಪೆಟ್‌ಗಳಲ್ಲಿ ಇರುವುದು ಲಿಥಿಯಂ ಅಯಾನ್ ಅಥವಾ ಲಿಥಿಯಂ ಪಾಲಿಮರ್. ಎರಡೂ ಒಂದೇ ಮನೆತನದವು. ಪಾಲಿಮರ್‌ಗೆ ಲೋಹದ ಡಬ್ಬಿ ಇರುವುದಿಲ್ಲ, ಬೆಳ್ಳಿ ಬಣ್ಣದ ಮೆತ್ತನೆಯ ಪ್ಯಾಕೆಟ್ ಇರುತ್ತದೆ. ನಿಮ್ಮ ಮೊಬೈಲ್‌ನೊಳಗೆ ಇರುವುದೂ ಇದೇ ಜಾತಿ. ಮೈಮೇಲೆ 3.6 ಅಥವಾ 3.7 ವೋಲ್ಟ್ ಎಂದು ಬರೆದಿರುತ್ತದೆ. ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್‌ಗೆ ಏರುತ್ತದೆ, 3ರ ಹತ್ತಿರ ಇಳಿದರೆ ಖಾಲಿ. ಹಳೆಯ ಪಿಪೆಟ್‌ಗಳಲ್ಲಿ ನಿಕಲ್ ಮೆಟಲ್ ಹೈಡ್ರೈಡ್ ಇರಬಹುದು. ಅದರಲ್ಲಿ ಒಂದೊಂದು ಸೆಲ್‌ಗೆ 1.2 ವೋಲ್ಟ್, ಹಾಗಾಗಿ ಲೇಬಲ್ ಮೇಲೆ 2.4, 3.6 ಅಂತ ಇರುತ್ತದೆ. 3.6 ಕಂಡ ಕೂಡಲೇ ಲಿಥಿಯಂ ಅಂದುಕೊಳ್ಳಬೇಡಿ. ಮೂರು ನಿಕಲ್ ಸೆಲ್ ಸೇರಿದರೂ 3.6 ಆಗುತ್ತದೆ ಅಲ್ವಾ? ಜಾತಿಯ ಹೆಸರನ್ನೇ ಓದಿ.

ಎಂಎಎಚ್ ಅಂತ ಇನ್ನೊಂದು ಅಂಕಿ ಇರುತ್ತದೆ. ಮಿಲಿಆಂಪಿಯರ್ ಅವರ್. ಬಿಂದಿಗೆಯಲ್ಲಿ ಎಷ್ಟು ನೀರು ಹಿಡಿಯುತ್ತದೆ ಅನ್ನುವ ಲೆಕ್ಕ ಅದು. ಬ್ಯಾಟರಿಗೆ ವಯಸ್ಸಾದ ಹಾಗೆ ಈ ಬಿಂದಿಗೆ ಚಿಕ್ಕದಾಗುತ್ತಾ ಹೋಗುತ್ತದೆ. ಲಿಥಿಯಂ ಅಯಾನ್ ಬ್ಯಾಟರಿ ಸಾಮಾನ್ಯವಾಗಿ 300ರಿಂದ 500 ಪೂರ್ತಿ ಚಾರ್ಜ್‌ಗಳ ನಂತರ ಸುಮಾರು 80 ಶೇಕಡಾಕ್ಕೆ ಇಳಿಯುತ್ತದೆ. ಬಳಸದೆ ಇಟ್ಟರೂ ವಯಸ್ಸಾಗುತ್ತದೆ, ಬಿಸಿಯಲ್ಲಿಟ್ಟರೆ ಬೇಗ ಆಗುತ್ತದೆ.

ಕೈಗೆ ಸಿಗುವಂತೆ ಇಟ್ಟುಕೊಳ್ಳಿ

ನಿಮ್ಮ ಮಾದರಿಯ ಮ್ಯಾನ್ಯುಯಲ್, 70 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲ್ (ಐಪಿಎ), ಕಿವಿ ಕಡ್ಡಿ, ನೂಲು ಬಿಡದ ಟಿಶ್ಯೂ, ಪ್ಲಾಸ್ಟಿಕ್ ಚಿಮಟ, ಸಣ್ಣ ಸ್ಕ್ರೂಡ್ರೈವರ್, ಇನ್ಸುಲೇಶನ್ ಟೇಪ್, ಪೆನ್ನು. ಮಲ್ಟಿಮೀಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಮ್ಯಾನ್ಯುಯಲ್ ಕಳೆದುಹೋಗಿದ್ದರೆ ತಯಾರಕರ ವೆಬ್‌ಸೈಟ್‌ನಲ್ಲಿ ಮಾದರಿಯ ಹೆಸರು ಹಾಕಿ ಹುಡುಕಿ, ಸಾಮಾನ್ಯವಾಗಿ ಸಿಗುತ್ತದೆ. ನಾನು ಹೇಳುವುದಕ್ಕೂ ಮ್ಯಾನ್ಯುಯಲ್ ಹೇಳುವುದಕ್ಕೂ ವ್ಯತ್ಯಾಸ ಕಂಡರೆ ಮ್ಯಾನ್ಯುಯಲ್ ಮಾತೇ ಕೇಳಿ.

ಹಂತ 1: ಒರೆಸಿ

ರಕ್ತ, ಸೀರಮ್, ಕಲ್ಚರ್ ಮುಟ್ಟಿದ ಪಿಪೆಟ್ ಇದು ಅನ್ನುವುದನ್ನು ಮರೆಯಬೇಡಿ. ಟಿಪ್ ಉದುರಿಸಿ. ಟಿಶ್ಯೂಗೆ ಆಲ್ಕೋಹಾಲ್ ಹಾಕಿಕೊಂಡು ಹಿಡಿಕೆ, ಬಟನ್, ಟಿಪ್ ಕೂರುವ ಕೆಳಗಿನ ಕೋನ್ ಎಲ್ಲ ಒರೆಸಿ. ನೇರವಾಗಿ ಪಿಪೆಟ್ ಮೇಲೆ ಸ್ಪ್ರೇ ಮಾಡಬೇಡಿ, ಬಟನ್ ಸಂದಿನಿಂದ ಒಳಗೆ ಇಳಿಯುತ್ತದೆ. ಬ್ಲೀಚ್ ಅಂತೂ ಲೋಹದ ಕಾಂಟ್ಯಾಕ್ಟ್‌ಗಳ ಹತ್ತಿರ ಸುಳಿಯಬಾರದು, ತಿಂದುಹಾಕುತ್ತದೆ. ಆಮೇಲೆ ಕೊಳೆ ಗ್ಲೌಸ್ ಬಿಸಾಡಿ ಹೊಸದು ಹಾಕಿಕೊಳ್ಳಿ. ಆಲ್ಕೋಹಾಲ್ ಪೂರ್ತಿ ಆರುವ ತನಕ ಚಾರ್ಜರ್ ಹತ್ತಿರ ಒಯ್ಯಬೇಡಿ.

ಹಿಡಿಕೆಯನ್ನು ಆಟೋಕ್ಲೇವ್‌ಗೆ (ಒತ್ತಡದ ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರ) ಹಾಕಬಾರದು ಅಂತ ಬರೆಯಬೇಕಾ ಅನ್ನಿಸಿತು. ಬರೆಯಲೇಬೇಕು. ಎಷ್ಟೋ ಮಾದರಿಗಳಲ್ಲಿ ಕೆಳಗಿನ ಭಾಗ ಮಾತ್ರ ಬಿಚ್ಚಿ 121 ಡಿಗ್ರಿಯಲ್ಲಿ ಆಟೋಕ್ಲೇವ್ ಮಾಡಬಹುದು. ಮೋಟಾರು, ಬ್ಯಾಟರಿ ಇರುವ ಮೇಲಿನ ಭಾಗ ಒಳಗೆ ಹೋದರೆ ಮುಗಿಯಿತು ಕತೆ.

ಹಂತ 2: ತಪ್ಪು ಚಾರ್ಜರ್ ಕಡೆ ಇದೆಯಾ ನೋಡಿ

ಗೋಡೆಯಿಂದ ಶುರುಮಾಡಿ ಪಿಪೆಟ್ ಕಡೆಗೆ ಬನ್ನಿ.

ಸ್ವಿಚ್. ನಗಬೇಡಿ. ಎಷ್ಟೋ ಲ್ಯಾಬ್‌ಗಳಲ್ಲಿ ಚಾರ್ಜಿಂಗ್ ಸ್ಟ್ಯಾಂಡ್ ಇರುವುದು ಎಕ್ಸ್‌ಟೆನ್ಷನ್ ಬೋರ್ಡ್ ಮೇಲೆ. ರಾತ್ರಿ ಸೆಕ್ಯೂರಿಟಿಯವರು ಲೈಟ್ ಆರಿಸುವಾಗ ಅದನ್ನೂ ಆರಿಸಿ ಹೋಗುತ್ತಾರೆ. ಬೆಳಿಗ್ಗೆ ಮೊದಲು ಬಂದವರು ಆನ್ ಮಾಡುತ್ತಾರೆ. ಪಿಪೆಟ್ ಇಡೀ ರಾತ್ರಿ ಸ್ಟ್ಯಾಂಡ್ ಮೇಲೇ ಇತ್ತು, ಆದರೂ ಚಾರ್ಜ್ ಇಲ್ಲ, ಬ್ಯಾಟರಿ ಕೆಟ್ಟಿದೆ! ಆ ಸ್ವಿಚ್ ಮೇಲೆ "ಆರಿಸಬೇಡಿ" ಅಂತ ಕನ್ನಡದಲ್ಲಿ ಒಂದು ಚೀಟಿ ಅಂಟಿಸಿ. ಕರೆಂಟು ಜಾಸ್ತಿ ಹೋಗುವ ಊರಾದರೆ ಯುಪಿಎಸ್ ಲೈನ್‌ಗೆ ಕೊಡಿ. ಸ್ಟ್ಯಾಂಡ್ ಎಳೆಯುವ ಕರೆಂಟು ಏನೂ ಇಲ್ಲ, ಅದೇ ಲೈನ್‌ನಲ್ಲಿರುವ ಫ್ರೀಜರ್‌ಗೆ ತೊಂದರೆ ಆಗುವುದಿಲ್ಲ.

ಅಡಾಪ್ಟರ್. ಲ್ಯಾಬ್‌ನ ಡ್ರಾಯರ್ ಎಳೆದರೆ ಕಪ್ಪು ಅಡಾಪ್ಟರ್‌ಗಳ ರಾಶಿ ಇರುತ್ತದೆ. ತಕ್ಕಡಿಯದ್ದು, ಯಾವುದೋ ಹಳೆ ಮೋಡೆಮ್‌ನದ್ದು, ಶೇಕರ್‌ನದ್ದು. ಪಿನ್ ಗಾತ್ರ ಒಂದೇ, ವೋಲ್ಟೇಜ್ ಬೇರೆ ಬೇರೆ. 5 ವೋಲ್ಟ್ ಬೇಕಾದ ಕಡೆ 12 ವೋಲ್ಟ್‌ನದ್ದು ಸಲೀಸಾಗಿ ಒಳಗೆ ಹೋಗುತ್ತದೆ. ಇನ್‌ಪುಟ್ ಅಂಕಿ ನೋಡುವುದಲ್ಲ, ಅದು ಎಲ್ಲದರಲ್ಲೂ 100ರಿಂದ 240 ವೋಲ್ಟ್ ಅಂತಲೇ ಇರುತ್ತದೆ. ಔಟ್‌ಪುಟ್ ಅಂಕಿ, ಪ್ಲಸ್ ಮೈನಸ್ ಗುರುತು, ಎರಡೂ ಮ್ಯಾನ್ಯುಯಲ್‌ಗೆ ಹೊಂದಬೇಕು. ಸರಿಯಾದ್ದು ಸಿಕ್ಕ ಮೇಲೆ ಅದಕ್ಕೆ ಪಿಪೆಟ್ ಹೆಸರಿನ ಲೇಬಲ್ ಸುತ್ತಿ. ಯುಎಸ್‌ಬಿ ಕೇಬಲ್‌ನಲ್ಲಿ ಚಾರ್ಜ್ ಆಗುವ ಮಾದರಿಯಾದರೆ ಇನ್ನೊಂದು ಕೇಬಲ್ ಹಾಕಿ ನೋಡಿ. ಕೇಬಲ್ ಹೋಗುವಷ್ಟು ಸಲ ಬ್ಯಾಟರಿ ಹೋಗುವುದಿಲ್ಲ.

ಕಾಂಟ್ಯಾಕ್ಟ್. ಸ್ಟ್ಯಾಂಡ್‌ನಲ್ಲೂ ಪಿಪೆಟ್‌ನಲ್ಲೂ ಒಂದಕ್ಕೊಂದು ತಾಗುವ ಸಣ್ಣ ಲೋಹದ ಬಿಂದುಗಳಿರುತ್ತವೆ. ನಾವು ಒಮ್ಮೆ ಒಂದು ಪಿಪೆಟ್ "ಸತ್ತಿದೆ" ಅಂತ ತೀರ್ಮಾನಿಸಿ ಬ್ಯಾಟರಿಗೆ ಕೊಟೇಶನ್ ಕೂಡ ತರಿಸಿಬಿಟ್ಟಿದ್ದೆವು. ಸ್ಟ್ಯಾಂಡನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿದರೆ ಬಿಂದುಗಳ ಮೇಲೆ ಉಪ್ಪಿನ ಬಿಳಿ ಪೊರೆ. ಯಾರೋ ಬಫರ್, ಅಂದರೆ ಉಪ್ಪಿನ ದ್ರಾವಣ, ಚೆಲ್ಲಿ ಒರೆಸದೆ ಬಿಟ್ಟಿದ್ದರು, ಆರಿ ಗಟ್ಟಿಯಾಗಿತ್ತು. ಕಿವಿ ಕಡ್ಡಿಗೆ ಐಪಿಎ ತಾಗಿಸಿ ತಿಕ್ಕಿದಾಗ ಹತ್ತಿ ಮೊದಲು ಬೂದು ಬಣ್ಣವಾಯಿತು, ಆಮೇಲೆ ಹಸಿರಾಯಿತು. ನಾಲ್ಕನೇ ಕಡ್ಡಿ ಬೆಳ್ಳಗೆ ಬಂತು. ಪಿಪೆಟ್ ಇಟ್ಟ ಕೂಡಲೇ ಚಾರ್ಜಿಂಗ್ ದೀಪ ಹತ್ತಿತು. ಆ ಬ್ಯಾಟರಿ ಆಮೇಲೂ ಎರಡು ವರ್ಷ ಬಂತು.

ನೀವೂ ಹಾಗೇ ಮಾಡಿ. ಮೊದಲು ಪ್ಲಗ್ ತೆಗೆಯಿರಿ. ಉಪ್ಪು ಕೂತಿದ್ದರೆ ಮೊದಲ ಕಡ್ಡಿಗೆ ಆಲ್ಕೋಹಾಲ್ ಬದಲು ಸ್ವಲ್ಪ ಡಿಸ್ಟಿಲ್ಡ್ ನೀರು ತಾಗಿಸಿ. ಉಪ್ಪು ಕರಗುವುದು ನೀರಿಗೆ, ಆಲ್ಕೋಹಾಲ್‌ಗಲ್ಲ. ಕೊನೆಯ ಎರಡು ಕಡ್ಡಿ ಐಪಿಎ. ಸ್ಪ್ರಿಂಗ್ ಇರುವ ಬಿಂದುವಾದರೆ ಒತ್ತಿ ಬಿಟ್ಟು ನೋಡಿ, ಮೇಲೆ ಬರಬೇಕು. ಮರಳು ಕಾಗದದಿಂದ ಉಜ್ಜಬೇಡಿ, ಮೇಲಿನ ಲೇಪ ಹೋದರೆ ಮುಂದಿನ ತಿಂಗಳು ಇನ್ನೂ ಬೇಗ ಕಪ್ಪಾಗುತ್ತದೆ.

ಸ್ಟ್ಯಾಂಡ್‌ನಲ್ಲಿ ನಾಲ್ಕು ಜಾಗ ಇದ್ದರೆ ಬೇರೆ ಜಾಗದಲ್ಲಿ ಇಟ್ಟು ನೋಡಿ. ಪಕ್ಕದ ಪಿಪೆಟನ್ನು ಇದರ ಜಾಗದಲ್ಲಿ ಇಡಿ. ತೊಂದರೆ ಜಾಗದ ಜೊತೆ ಉಳಿಯುತ್ತದೋ, ಪಿಪೆಟ್ ಜೊತೆ ಓಡಾಡುತ್ತದೋ, ಅಲ್ಲೇ ಗೊತ್ತಾಗುತ್ತದೆ.

ಹಂತ 3: ಒಂದು ಸಲ ಸರಿಯಾಗಿ ಚಾರ್ಜ್ ಮಾಡಿ

ಪಿಪೆಟ್ ಕೋಣೆಯ ಬಿಸಿಗೆ ಬಂದಿರಬೇಕು. ಕೋಲ್ಡ್ ರೂಮ್‌ನಿಂದ ತಂದಿದ್ದರೆ ಅರ್ಧ ಗಂಟೆ ಹೊರಗೆ ಬಿಡಿ, ಮೈಮೇಲಿನ ಬೆವರು ಆರಲಿ. ನಾಲ್ಕು ಡಿಗ್ರಿಯಲ್ಲಿ ಯಾವ ಬ್ಯಾಟರಿಯೂ ಬೇಗ ಸೋಲುತ್ತದೆ, ಅದು ಕೆಟ್ಟಿದೆ ಅಂತ ಅರ್ಥವಲ್ಲ. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಲಿಥಿಯಂ ಬ್ಯಾಟರಿ ಚಾರ್ಜ್ ಮಾಡಿದರೆ ಮಾತ್ರ ಒಳಗೆ ಲೋಹದ ಲಿಥಿಯಂ ಪದರ ಕೂತು ಶಾಶ್ವತವಾಗಿ ಹಾಳಾಗುತ್ತದೆ.

ಸ್ಟ್ಯಾಂಡ್ ಎಲ್ಲಿದೆ ನೋಡಿ. ಮೈನಸ್ 80 ಫ್ರೀಜರ್‌ನ ತಲೆ ಮೇಲೆ, ಹೀಟ್ ಬ್ಲಾಕ್ ಪಕ್ಕ, ಮಧ್ಯಾಹ್ನದ ಬಿಸಿಲು ಬೀಳುವ ಕಿಟಕಿ ಹತ್ತಿರ ಇದ್ದರೆ ಜಾಗ ಬದಲಿಸಿ. ಬಿಸಿ ಇದಕ್ಕೆ ದೊಡ್ಡ ಶತ್ರು. ಎಥನಾಲ್ ಸ್ಪ್ರೇ ಮಾಡುವ ಲ್ಯಾಮಿನಾರ್ ಹುಡ್ ಒಳಗೂ, ಸಾಲ್ವೆಂಟ್ ಆವಿ ಇರುವ ಫ್ಯೂಮ್ ಹುಡ್ ಒಳಗೂ ಚಾರ್ಜ್ ಮಾಡಲೇಬಾರದು.

ಈಗ ಚಾರ್ಜ್‌ಗೆ ಇಟ್ಟು ಗಡಿಯಾರ ನೋಡಿ ಸಮಯ ಬರೆದಿಡಿ. ಮಾದರಿಗೆ ತಕ್ಕಂತೆ ಒಂದರಿಂದ ನಾಲ್ಕು ಗಂಟೆ ಹಿಡಿಯಬಹುದು. ಪೂರ್ತಿ ಖಾಲಿಯಾಗಿದ್ದ ಪಿಪೆಟ್ ಹದಿನೈದೇ ನಿಮಿಷದಲ್ಲಿ "ಫುಲ್" ಅಂದರೆ ಖುಷಿಪಡಬೇಡಿ. ಬಿಂದಿಗೆ ಚಿಕ್ಕದಾಗಿದೆ, ಅದಕ್ಕೇ ಬೇಗ ತುಂಬಿತು.

ಇಲ್ಲಿ ಒಂದು ಹಳೆ ನಂಬಿಕೆ ಬಗ್ಗೆ ಹೇಳಲೇಬೇಕು. "ಪೂರ್ತಿ ಖಾಲಿ ಆಗೋ ತನಕ ಚಾರ್ಜ್ ಹಾಕಬಾರದು" ಅಂತ ಸೀನಿಯರ್‌ಗಳು ಹೇಳಿಕೊಡುತ್ತಾರೆ. ಅದು ನಿಕಲ್ ಕ್ಯಾಡ್ಮಿಯಂ ಕಾಲದ ಮಾತು. ಲಿಥಿಯಂ ಬ್ಯಾಟರಿಗೆ ಅದು ಬೇಕಿಲ್ಲ, ಪದೇ ಪದೇ ಪೂರ್ತಿ ಇಳಿಸಿದರೆ ಕೆಡುಕೇ ಜಾಸ್ತಿ. ಅರ್ಧ ಇದ್ದಾಗ ಇಡಿ, ಮುಕ್ಕಾಲು ಇದ್ದಾಗ ಇಡಿ, ತೊಂದರೆ ಇಲ್ಲ. ತುಂಬಿದ ಮೇಲೆ ಸರ್ಕ್ಯೂಟ್ ತಾನೇ ನಿಲ್ಲಿಸುತ್ತದೆ. ಸದಾ ಸ್ಟ್ಯಾಂಡ್ ಮೇಲಿದ್ದು ತುಂಬಿಯೇ ಇರುವ ಬ್ಯಾಟರಿಗೆ ಸ್ವಲ್ಪ ಬೇಗ ವಯಸ್ಸಾಗುವುದು ನಿಜ. ಆದರೆ ದಿನಾ ಬಳಸುವ ಪಿಪೆಟ್ ಸ್ಟ್ಯಾಂಡ್ ಮೇಲೇ ಇರಲಿ ಅನ್ನುವುದು ನನ್ನ ಮಾತು. 96 ವೆಲ್ (ಸಣ್ಣ ಗುಳಿ) ಇರುವ ಪ್ಲೇಟ್ ತುಂಬಿಸುವ ನಡುವೆ ಪಿಪೆಟ್ ನಿಂತರೆ ಆಗುವ ನಷ್ಟದ ಮುಂದೆ ಅದು ಯಾವ ಲೆಕ್ಕ?

ಹಂತ 4: ಎಣಿಸಿ ನೋಡಿ

ಪರದೆಯ ಮೇಲಿನ ಬ್ಯಾಟರಿ ಚಿತ್ರವನ್ನು ಪೂರ್ತಿ ನಂಬಬೇಡಿ. ಅದು ಅಂದಾಜು. ಎಣಿಕೆ ಸುಳ್ಳು ಹೇಳುವುದಿಲ್ಲ.

ಪೂರ್ತಿ ಚಾರ್ಜ್ ಆದ ಪಿಪೆಟ್‌ಗೆ ಟಿಪ್ ಹಾಕಿ. ಗರಿಷ್ಠ ಪ್ರಮಾಣ ಇಡಿ, ಉದಾಹರಣೆಗೆ 1000 ಮೈಕ್ರೋಲೀಟರ್. ಸ್ಪೀಡ್ ಮಧ್ಯದಲ್ಲಿರಲಿ. ಬೀಕರ್‌ನಲ್ಲಿ ನೀರು ತೆಗೆದುಕೊಂಡು ಎಳೆ, ಬಿಡು, ಎಳೆ, ಬಿಡು. ಮಿಕ್ಸಿಂಗ್ ಮೋಡ್ ಇದ್ದರೆ ಬಟನ್ ಒತ್ತಿ ಹಿಡಿದರೆ ಸಾಕು, ಕೆಲವು ಮಾದರಿಗಳಲ್ಲಿ ಎಣಿಕೆ ಪರದೆಯಲ್ಲೇ ಬರುತ್ತದೆ. ಬೇಜಾರಿನ ಕೆಲಸ, ಒಪ್ಪುತ್ತೇನೆ. ರೇಡಿಯೋ ಹಾಕಿಕೊಂಡು ಮಾಡಿ. ನಿಂತಾಗ ಅಂಕಿ ಬರೆದುಕೊಳ್ಳಿ.

ಮ್ಯಾನ್ಯುಯಲ್‌ನಲ್ಲಿ "ಒಂದು ಚಾರ್ಜ್‌ಗೆ ಇಷ್ಟು ಸಲ" ಅಂತ ಕೊಟ್ಟಿದ್ದರೆ ಅದಕ್ಕೆ ಹೋಲಿಸಿ. ಅದು ಯಾವ ಪ್ರಮಾಣ, ಯಾವ ಸ್ಪೀಡ್‌ಗೆ ಅನ್ನುವುದನ್ನೂ ಓದಿ. ಕೊಟ್ಟಿಲ್ಲದಿದ್ದರೆ ಅದೇ ಮಾದರಿಯ ಇನ್ನೊಂದು ಪಿಪೆಟ್ ಜೊತೆ ಹೋಲಿಸಿ. ಹೊಸದು 800 ಸಲ ಹೋಗುವ ಕಡೆ ನಿಮ್ಮದು 600 ಹೋದರೆ ಸುಮ್ನೆ ಬಳಸುತ್ತಿರಿ. 400ಕ್ಕೆ ಬಂದರೆ ಬ್ಯಾಟರಿ ತರಿಸಲು ಶುರುಮಾಡಿ. 200ರ ಹತ್ತಿರ ಇದ್ದರೆ ಮುಖ್ಯ ಕೆಲಸಕ್ಕೆ ಅದನ್ನು ಮುಟ್ಟಬೇಡಿ. ಇದು ನನ್ನ ಲೆಕ್ಕ, ನಿಮ್ಮ ಕೆಲಸ ನೋಡಿಕೊಂಡು ಹಿಂದೆಮುಂದೆ ಮಾಡಿ.

ಈ ಎಣಿಕೆಯ ಹೊತ್ತಿಗೆ ಕಿವಿ ತೆರೆದಿಡಿ. ಬ್ಯಾಟರಿ ಚಿತ್ರ ತುಂಬಿದೆ, ಆದರೆ ಪಿಸ್ಟನ್ ಪ್ರತಿ ಸಲ ಒಂದೇ ಜಾಗದಲ್ಲಿ ತಡೆಯುತ್ತಿದೆ, ಮೋಟಾರಿನ ಸದ್ದು ಅಲ್ಲಿ ಗರಗರ ಅನ್ನುತ್ತಿದೆ ಅಂದರೆ ತಪ್ಪು ಬ್ಯಾಟರಿಯದ್ದಲ್ಲ. ಪಿಸ್ಟನ್ ಬಿಗಿಯಾಗಿದೆ. ಗ್ರೀಸ್ ಒಣಗಿರುತ್ತದೆ, ಇಲ್ಲವೇ ಒಳಗೆ ದ್ರವ ಹೋಗಿ ಗಟ್ಟಿಯಾಗಿರುತ್ತದೆ. ಮೋಟಾರು ಒದ್ದಾಡಿ ಜಾಸ್ತಿ ಕರೆಂಟು ಎಳೆಯುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಇಂಥ ಪಿಪೆಟ್‌ಗೆ ಹೊಸ ಬ್ಯಾಟರಿ ಹಾಕಿದರೆ ದುಡ್ಡು ದಂಡ. ಕೆಳಗಿನ ಭಾಗ ಬಿಚ್ಚಿ ಶುಚಿ ಮಾಡಿ, ತಯಾರಕರು ಹೇಳಿದ ಗ್ರೀಸನ್ನೇ ತೆಳ್ಳಗೆ ಹಚ್ಚಿ. ಇನ್ನೊಂದು ಗುರುತು: ವೇಗದ ಸ್ಪೀಡ್‌ನಲ್ಲಿ ನಿಲ್ಲುತ್ತದೆ, ನಿಧಾನದಲ್ಲಿ ಓಡುತ್ತದೆ, ಪಿಸ್ಟನ್ ಎಲ್ಲೂ ತಡೆಯುವುದಿಲ್ಲ ಅಂದರೆ ಅದು ಬ್ಯಾಟರಿಯ ಮುಪ್ಪು. ವೇಗಕ್ಕೆ ಕರೆಂಟು ಜಾಸ್ತಿ ಬೇಕು, ಹಳೆ ಬ್ಯಾಟರಿ ಅಲ್ಲೇ ಕುಸಿಯುತ್ತದೆ.

ನಡುವೆ ಒಂದು ಮಾತು: ಟಿಪ್‌ನಲ್ಲಿ ಸ್ಯಾಂಪಲ್ ಇರುವಾಗಲೇ ನಿಂತರೆ?

ಗಾಬರಿಯಲ್ಲಿ ಪಿಪೆಟನ್ನು ಬೆಂಚ್ ಮೇಲೆ ಮಲಗಿಸಬೇಡಿ. ಎಲ್ಲರೂ ಮಾಡುವ ತಪ್ಪು ಇದೇ. ಮಲಗಿಸಿದರೆ ದ್ರವ ಹಿಂದಕ್ಕೆ ಹರಿದು ಕೋನ್ ಒಳಗೆ, ಪಿಸ್ಟನ್ ತನಕ ಹೋಗುತ್ತದೆ. ನೆಟ್ಟಗೆ ಹಿಡಿದೇ ಇರಿ. ಟಿಪ್ ಕೆಳಗೆ ಮೂಲ ಟ್ಯೂಬ್ ಹಿಡಿಯಿರಿ. ಪಕ್ಕದವರಿಗೆ ಚಾರ್ಜರ್ ತಂದು ಚುಚ್ಚಲು ಹೇಳಿ. ಕೇಬಲ್ ಹಾಕಿಕೊಂಡೇ ಕೆಲಸ ಮಾಡುವ ಮಾದರಿಯಾದರೆ ಒಂದೆರಡು ನಿಮಿಷದಲ್ಲಿ ಎದ್ದು ಕೂರುತ್ತದೆ. ಮತ್ತೆ ಆನ್ ಆದ ಮೇಲೆ ಅದು ಪಿಸ್ಟನ್ನನ್ನು ಮೂಲ ಜಾಗಕ್ಕೆ ತರುತ್ತದೆ, ಆಗ ಟಿಪ್‌ನಲ್ಲಿರುವುದೆಲ್ಲ ಹೊರಗೆ ಬೀಳುತ್ತದೆ. ಅದಕ್ಕೇ ಟ್ಯೂಬ್ ಕೆಳಗಿರಲಿ. ಆ ವೆಲ್‌ಗೆ ಎಷ್ಟು ಬಿತ್ತೋ ಗೊತ್ತಿಲ್ಲ ಅಂದರೆ ಆ ವೆಲ್ ಬಿಟ್ಟುಬಿಡಿ. ಅಂದಾಜಿನ ಮೇಲೆ ತುಂಬಬೇಡಿ.

ಹಂತ 5: ಸರಿಯಾದ ಬ್ಯಾಟರಿ ತರಿಸಿ

ಬ್ಯಾಟರಿ ಮೇಲಿನ ಪಾರ್ಟ್ ನಂಬರ್, ಪಿಪೆಟ್ ಮಾದರಿ, ಸೀರಿಯಲ್ ನಂಬರ್ ಮೂರನ್ನೂ ಬರೆದು ತಯಾರಕರ ಅಧಿಕೃತ ಡೀಲರ್‌ಗೆ ಕಳಿಸಿ. ಫೋಟೋ ಕೂಡ ಕಳಿಸಿದರೆ ಇನ್ನೂ ಒಳ್ಳೆಯದು. ಒಂದೇ ಹೆಸರಿನ ಮಾದರಿಯಲ್ಲೂ ಹಳೆಯದಕ್ಕೆ ಒಂದು, ಹೊಸದಕ್ಕೆ ಒಂದು ಬ್ಯಾಟರಿ ಇರಬಹುದು. ಎಎಂಸಿ, ಅಂದರೆ ವಾರ್ಷಿಕ ನಿರ್ವಹಣಾ ಒಪ್ಪಂದ ಇದ್ದರೆ ಬ್ಯಾಟರಿ ಅದರಲ್ಲಿ ಸೇರಿದೆಯಾ ಓದಿ. ಬಹಳ ಸಲ ಸೇರಿರುವುದಿಲ್ಲ.

"ಅಷ್ಟು ದುಡ್ಡು ಯಾಕೆ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 3.7 ವೋಲ್ಟ್ ಸೆಲ್ ಸಿಗುತ್ತಲ್ಲಾ?" ಅಂತ ಕೇಳುವವರಿದ್ದಾರೆ. ಸಿಗುತ್ತದೆ. ಕನೆಕ್ಟರ್ ಕೂಡ ನೋಡಲು ಅದೇ. ಆದರೆ ಆ ಬಿಳಿ ಕನೆಕ್ಟರ್‌ನಲ್ಲಿ ಕೆಂಪು ತಂತಿ ಎಡಕ್ಕಿರಬೇಕೋ ಬಲಕ್ಕಿರಬೇಕೋ ಅನ್ನುವುದಕ್ಕೆ ಎಲ್ಲರೂ ಒಪ್ಪಿದ ನಿಯಮವಿಲ್ಲ. ತಿರುಗುಮುರುಗಾದರೆ ಬೋರ್ಡ್ ಸುಟ್ಟೀತು. ಕೆಲವು ಬ್ಯಾಟರಿಗಳಲ್ಲಿ ಮೂರನೇ ತಂತಿ ಇರುತ್ತದೆ, ಅದು ಬ್ಯಾಟರಿಯ ಬಿಸಿಯನ್ನು ಚಾರ್ಜರ್‌ಗೆ ತಿಳಿಸಲು. ಎರಡೇ ತಂತಿಯ ಸೆಲ್ ಹಾಕಿದರೆ ಚಾರ್ಜೇ ಆಗದಿರಬಹುದು, ಚಾರ್ಜ್ ಆದರೂ ಬಿಸಿಯ ಕಾವಲು ಇರುವುದಿಲ್ಲ. ಒಳಗೆ ರಕ್ಷಣಾ ಸರ್ಕ್ಯೂಟ್ ಇಲ್ಲದ ಸೆಲ್‌ಗಳೂ ಮಾರುಕಟ್ಟೆಯಲ್ಲಿವೆ. ನಾನಂತೂ ಲಕ್ಷದ ಹತ್ತಿರದ ಉಪಕರಣಕ್ಕೆ ಮುನ್ನೂರು ರೂಪಾಯಿಯ ಸೆಲ್ ಹಾಕುವುದಿಲ್ಲ. ನಿಕಲ್ ಇದ್ದ ಕಡೆ ಲಿಥಿಯಂ ಹಾಕುವ ಸಾಹಸವಂತೂ ಬೇಡವೇ ಬೇಡ, ಎರಡರ ಚಾರ್ಜಿಂಗ್ ರೀತಿಯೇ ಬೇರೆ.

ಬರಲು ತಡವಾಗುತ್ತದೆ, ಅದಕ್ಕೂ ಕಾರಣವಿದೆ. ಬಿಡಿ ಲಿಥಿಯಂ ಅಯಾನ್ ಬ್ಯಾಟರಿಗಳನ್ನು 2016ರ ಏಪ್ರಿಲ್‌ನಿಂದ ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಸಾಗಿಸುವಂತಿಲ್ಲ. ಸರಕು ವಿಮಾನದಲ್ಲಿ ಬರುವಾಗಲೂ 30 ಶೇಕಡಾಕ್ಕಿಂತ ಜಾಸ್ತಿ ಚಾರ್ಜ್ ಇರಬಾರದು. ಪೆಟ್ಟಿಗೆ ಮೇಲೆ ಯುಎನ್ 3480 ಅಂತ ಇದ್ದರೆ ಅದೇ ಗುರುತು. ಹಾಗಾಗಿ ಎಣಿಕೆ ಅರ್ಧಕ್ಕೆ ಬಂದಾಗಲೇ ಆರ್ಡರ್ ಮಾಡಿ ಅಂದದ್ದು. ಹಾಗಂತ ಮೂರು ವರ್ಷಕ್ಕಾಗುವಷ್ಟು ತಂದು ಕಪಾಟಿನಲ್ಲಿಡಬೇಡಿ, ಅಲ್ಲೇ ಮುದಿಯಾಗುತ್ತವೆ. ಬಂದ ಕೂಡಲೇ ತಯಾರಿಕೆಯ ದಿನಾಂಕ ನೋಡಿ, ತೀರಾ ಹಳೆಯದಾದರೆ ವಾಪಸ್ ಮಾಡಿ.

ಹಂತ 6: ಬದಲಿಸಿ

ಪಿಪೆಟನ್ನು ಸ್ಟ್ಯಾಂಡ್‌ನಿಂದ, ಕೇಬಲ್‌ನಿಂದ ತೆಗೆಯಿರಿ. ಟಿಪ್ ಇರಬಾರದು. ಪವರ್ ಆಫ್ ಮಾಡುವ ಆಯ್ಕೆ ಇದ್ದರೆ ಆಫ್ ಮಾಡಿ. ಉಳಿಸಿಟ್ಟ ಪ್ರೋಗ್ರಾಂಗಳು ಸಾಮಾನ್ಯವಾಗಿ ಅಳಿಸಿಹೋಗುವುದಿಲ್ಲ, ಆದರೂ ಮುಖ್ಯವಾದ್ದನ್ನು ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ತಾರೀಖು, ಸಮಯ ಹೋಗುವ ಮಾದರಿಗಳಿವೆ.

ಬೆಂಚ್ ಮೇಲೆ ಒಣ ಬಿಳಿ ಟಿಶ್ಯೂ ಹಾಸಿ. ಸ್ಕ್ರೂ ಬಿದ್ದರೆ ಕಾಣಬೇಕು. ಬ್ಯಾಟರಿ ಮುಚ್ಚಳ ಸಾಮಾನ್ಯವಾಗಿ ಹಿಡಿಕೆಯ ಹಿಂದೆ ಅಥವಾ ತಲೆಯ ಮೇಲೆ ಇರುತ್ತದೆ. ಕೆಲವು ಜಾರಿಸಿದರೆ ಬರುತ್ತವೆ, ಕೆಲವಕ್ಕೆ ಉಗುರಿನಿಂದ ಕ್ಲಿಪ್ ಒತ್ತಬೇಕು, ಕೆಲವಕ್ಕೆ ಸ್ಕ್ರೂ. ಬರದಿದ್ದರೆ ಜೋರು ಮಾಡಬೇಡಿ. ಲೇಬಲ್ ಅಡಿಯಲ್ಲಿ ಒಂದು ಸ್ಕ್ರೂ ಅಡಗಿರಬಹುದು. ಮುಚ್ಚಳವೇ ಇಲ್ಲದೆ ಇಡೀ ಹಿಡಿಕೆ ಬಿಚ್ಚಬೇಕಾದ ಮಾದರಿಯಾದರೆ ಸರ್ವಿಸ್‌ಗೆ ಕೊಡಿ.

ತೆರೆದ ಮೇಲೆ ಏನನ್ನೂ ಮುಟ್ಟುವ ಮೊದಲು ಒಂದು ಫೋಟೋ. ತಂತಿ ಯಾವ ಕಡೆಯಿಂದ ಸುತ್ತಿ ಬಂದಿದೆ, ಕನೆಕ್ಟರ್‌ನ ಮುಖ ಯಾವ ಕಡೆ, ಎಲ್ಲ ಕಾಣಬೇಕು.

ಕನೆಕ್ಟರ್ ತೆಗೆಯುವಾಗ ತಂತಿ ಹಿಡಿದು ಎಳೆಯಬೇಡಿ. ಜಾಸ್ತಿ ಹಾಳಾಗುವುದು ಇಲ್ಲೇ. ತಂತಿ ಕಿತ್ತು ಬರುತ್ತದೆ, ಇಲ್ಲವೇ ಬೋರ್ಡ್ ಮೇಲಿನ ಸಾಕೆಟ್ಟೇ ಎದ್ದು ಬರುತ್ತದೆ. ಪ್ಲಾಸ್ಟಿಕ್ ಚಿಮಟದಿಂದ ಕನೆಕ್ಟರ್‌ನ ಮೈ ಹಿಡಿದು, ಎಡಕ್ಕೆ ಬಲಕ್ಕೆ ತುಸು ತುಸು ಅಲ್ಲಾಡಿಸುತ್ತಾ ಬಿಡಿಸಿ. ಲೋಹದ ಚಿಮಟ ಬೇಡ. ಎರಡು ಪಿನ್‌ಗಳಿಗೆ ಒಟ್ಟಿಗೆ ತಾಗಿದರೆ ಶಾರ್ಟ್, ಪಾಲಿಮರ್ ಪ್ಯಾಕೆಟ್‌ಗೆ ಚುಚ್ಚಿದರೆ ಹೊಗೆ.

ಬ್ಯಾಟರಿ ಉಬ್ಬಿದ್ದರೆ ಒತ್ತಬೇಡಿ, ಮೀಟಬೇಡಿ, ಗಾಳಿ ಬಿಡಲು ಚುಚ್ಚುವ ಯೋಚನೆಯೂ ಬೇಡ. ಸಲೀಸಾಗಿ ಬಂದರೆ ತೆಗೆದು ಮರಳು ಹಾಕಿದ ಲೋಹದ ಡಬ್ಬಿಯಲ್ಲಿಟ್ಟು, ಎಥನಾಲ್ ಬಾಟಲಿಗಳಿಂದ ದೂರ ಇಡಿ. ಸಿಕ್ಕಿಕೊಂಡಿದ್ದರೆ ಇಡೀ ಪಿಪೆಟನ್ನೇ ಹಾಗೆ ಇಟ್ಟು, ಲ್ಯಾಬ್‌ನ ಸುರಕ್ಷತಾ ಜವಾಬ್ದಾರಿ ಇರುವವರಿಗೂ ಸರ್ವಿಸ್‌ನವರಿಗೂ ತಿಳಿಸಿ.

ಹೊಸದನ್ನು ಹಳೆಯದರ ಪಕ್ಕ ಇಟ್ಟು ಹೋಲಿಸಿ. ಜಾತಿ, ವೋಲ್ಟ್, ತಂತಿಗಳ ಸಂಖ್ಯೆ, ಕೆಂಪು ತಂತಿಯ ಜಾಗ. ಎಲ್ಲ ಒಂದೇ ಇದ್ದರೆ ಕನೆಕ್ಟರ್ ಹಾಕಿ. ಅದು ಒಂದೇ ದಿಕ್ಕಿನಲ್ಲಿ ಹೋಗುತ್ತದೆ, "ಟಕ್" ಅಂತ ಕೂರುತ್ತದೆ. ಕೂರದಿದ್ದರೆ ತಿರುಗಿಸಿ ನೋಡಿ, ಒತ್ತಬೇಡಿ. ತಂತಿಯನ್ನು ಫೋಟೋದಲ್ಲಿದ್ದ ಹಾಗೇ ಸುತ್ತಿ, ಮುಚ್ಚಳದ ಅಂಚಿಗೆ ಸಿಗದಂತೆ ನೋಡಿಕೊಳ್ಳಿ. ಮುಚ್ಚಳ ತಾನಾಗಿ ಮುಚ್ಚಬೇಕು. ಬೆರಳಿನಿಂದ ಅದುಮಿ ಮುಚ್ಚಬೇಕಾದ ಹಾಗಿದ್ದರೆ ತಂತಿ ಎಲ್ಲೋ ಸಿಕ್ಕಿದೆ, ಇಲ್ಲವೇ ಬ್ಯಾಟರಿ ದಪ್ಪ ಬೇರೆ ಇದೆ.

ಮುಚ್ಚಳದ ಒಳಗೆ ಇವತ್ತಿನ ತಾರೀಖು ಬರೆದ ಸಣ್ಣ ಚೀಟಿ ಅಂಟಿಸಿ. ಎರಡು ವರ್ಷದ ನಂತರ ಅದನ್ನು ತೆರೆಯುವವರು ನಿಮ್ಮನ್ನು ನೆನೆಯುತ್ತಾರೆ.

ಹಂತ 7: ಮೊದಲ ಚಾರ್ಜ್, ಆಮೇಲೆ ತೂಕ

ಹೊಸ ಬ್ಯಾಟರಿ ಅರೆಬರೆ ಚಾರ್ಜ್‌ನಲ್ಲೇ ಬಂದಿರುತ್ತದೆ. ಬಳಸುವ ಮೊದಲು ಪೂರ್ತಿ ತುಂಬಿಸಿ. ನಿಕಲ್ ಆದರೆ ಮ್ಯಾನ್ಯುಯಲ್ ಹೇಳಿದಷ್ಟು ಗಂಟೆ, ಹಳೆಯ ನಿಧಾನದ ಚಾರ್ಜರ್‌ಗಳಲ್ಲಿ ಅದು 14 ಗಂಟೆಯೂ ಆಗಬಹುದು. ಮೊದಲ ಸಲ ಆನ್ ಮಾಡಿದಾಗ ಪಿಪೆಟ್ "ಟಿಪ್ ತೆಗೆದು ಬಟನ್ ಒತ್ತಿ" ಅನ್ನಬಹುದು. ಅದು ಪಿಸ್ಟನ್ ತನ್ನ ಸೊನ್ನೆ ಜಾಗ ಹುಡುಕಿಕೊಳ್ಳುವ ಕ್ರಮ. ಹೇಳಿದಂತೆ ಮಾಡಿ. ತಾರೀಖು ಸರಿಮಾಡಿ. ಹೊಸ ಬ್ಯಾಟರಿಯಲ್ಲಿ 4ನೇ ಹಂತದ ಎಣಿಕೆಯನ್ನು ಇನ್ನೊಮ್ಮೆ ಮಾಡಿ ಲಾಗ್ ಪುಸ್ತಕದಲ್ಲಿ ಬರೆಯಿರಿ. ಮುಂದಿನ ಸಲ ಹೋಲಿಸಲು ನಿಮ್ಮದೇ ಅಂಕಿ ಇರುತ್ತದೆ.

"ಬ್ಯಾಟರಿ ಬದಲಿಸಿದರೆ ಮತ್ತೆ ಕ್ಯಾಲಿಬ್ರೇಶನ್ (ಅಳತೆ ಸರಿಯಿದೆಯಾ ಅನ್ನುವ ಪರೀಕ್ಷೆ) ಮಾಡಿಸಬೇಕಾ?" ಬ್ಯಾಟರಿ ಪಿಸ್ಟನ್‌ನ ಅಳತೆಯನ್ನು ಮುಟ್ಟುವುದಿಲ್ಲ. ಹಾಗಾಗಿ ಸಾಮಾನ್ಯವಾಗಿ ಬೇಕಿಲ್ಲ. ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್ ಆದರೆ ನಿಮ್ಮ ಎಸ್‌ಒಪಿ, ಅಂದರೆ ಬರೆದಿಟ್ಟ ಕಾರ್ಯವಿಧಾನ, ಏನು ಹೇಳುತ್ತದೋ ಅದು. ನಾನು ಮಾತ್ರ ಹಿಡಿಕೆ ತೆರೆದಾಗಲೆಲ್ಲ ತೂಕದ ಪರೀಕ್ಷೆ ಒಂದನ್ನು ಮಾಡಿಬಿಡುತ್ತೇನೆ. ಡಿಸ್ಟಿಲ್ಡ್ ನೀರು, ನಿಖರ ತಕ್ಕಡಿ, ಹತ್ತು ಸಲ 1000 ಮೈಕ್ರೋಲೀಟರ್. ಪಿಪೆಟ್‌ಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 8655ರ ಪ್ರಕಾರ 1000 ಮೈಕ್ರೋಲೀಟರ್ ಪಿಪೆಟ್‌ನ ಸರಾಸರಿ 8 ಮೈಕ್ರೋಲೀಟರ್‌ಗಿಂತ ಜಾಸ್ತಿ ತಪ್ಪಬಾರದು, ಅಳತೆಗಳ ಚೆದರಿಕೆ (ಸ್ಟ್ಯಾಂಡರ್ಡ್ ಡೀವಿಯೇಶನ್) 3 ಮೈಕ್ರೋಲೀಟರ್ ದಾಟಬಾರದು.

ಇಲ್ಲಿ ಒಂದು ಬಲೆ ಇದೆ. ತಕ್ಕಡಿ 996 ಮಿಲಿಗ್ರಾಂ ತೋರಿಸಿದರೆ ನಾಲ್ಕು ಕಡಿಮೆ ಬಂತು ಅಂತ ಹೆದರುತ್ತಾರೆ. 25 ಡಿಗ್ರಿಯಲ್ಲಿ 1000 ಮೈಕ್ರೋಲೀಟರ್ ನೀರು ತೂಗುವುದೇ ಸುಮಾರು 996 ಮಿಲಿಗ್ರಾಂ. ತೂಕವನ್ನು 1.004ರಿಂದ ಗುಣಿಸಿ, ಪ್ರಮಾಣ ಸಿಗುತ್ತದೆ. ಬೆಂಗಳೂರಿನಂತೆ ಸುಮಾರು 900 ಮೀಟರ್ ಎತ್ತರದ ಊರಿನಲ್ಲಿ, ಟಿಪ್ ಮತ್ತು ಪಿಸ್ಟನ್ ನಡುವೆ ಗಾಳಿ ಇರುವ ಪಿಪೆಟ್‌ಗಳು ಸಮುದ್ರಮಟ್ಟದಲ್ಲಿ ಎಳೆಯುವುದಕ್ಕಿಂತ ತುಸು ಕಡಿಮೆ ಎಳೆಯುತ್ತವೆ. ಮಂಗಳೂರಿನಲ್ಲಿ ಸರಿಯಿದ್ದ ಪಿಪೆಟ್ ಇಲ್ಲಿಗೆ ಬಂದು ಸ್ವಲ್ಪ ಕಮ್ಮಿ ತೋರಿಸಿದರೆ ಪಾಪ, ಹೊಸ ಬ್ಯಾಟರಿಯನ್ನು ಬೈಯಬೇಡಿ.

ಹಂತ 8: ಹಳೆಯದನ್ನು ಸಾಗಹಾಕಿ

ಕಸದ ಬುಟ್ಟಿಗೆ ಬೇಡ, ಬಯೋಮೆಡಿಕಲ್ ಕಸದ ಹಳದಿ ಚೀಲಕ್ಕಂತೂ ಬೇಡವೇ ಬೇಡ. ಅದು ಸುಡುವ ಕಸ. ಕನೆಕ್ಟರ್ ಮತ್ತು ಲೋಹದ ತುದಿಗಳ ಮೇಲೆ ಇನ್ಸುಲೇಶನ್ ಟೇಪ್ ಸುತ್ತಿ, ಒಂದೊಂದನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಕವರ್‌ಗೆ ಹಾಕಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ ಬಳಸಿದ ಬ್ಯಾಟರಿ ವಾಪಸ್ ಸಂಗ್ರಹಿಸುವ ಹೊಣೆ ತಯಾರಕರು ಮತ್ತು ಆಮದುದಾರರದ್ದು. ಬೇರೆ ಕಸದ ಜೊತೆ ಬೆರೆಸದೆ ಕೊಡುವುದು ನಮ್ಮ ಪಾಲಿನದ್ದು. ಹೊಸದು ತಂದುಕೊಟ್ಟ ಡೀಲರ್‌ನನ್ನೇ ಹಳೆಯದನ್ನು ಒಯ್ಯಲು ಕೇಳಿ. ಕೊಟೇಶನ್ ಹಂತದಲ್ಲೇ ಆ ಸಾಲು ಬರೆಸಿಕೊಂಡರೆ ಆಮೇಲೆ ವಾದ ಇರುವುದಿಲ್ಲ.

ರಜೆಗೆ ಹೋಗುವವರಿಗೆ

ತಿಂಗಳುಗಟ್ಟಲೆ ಬಳಸದ ಪಿಪೆಟ್ ಇದ್ದರೆ ಪೂರ್ತಿ ತುಂಬಿಸಿಯೂ ಇಡಬೇಡಿ, ಖಾಲಿಯೂ ಇಡಬೇಡಿ. ಅರ್ಧದ ಹತ್ತಿರ ಚಾರ್ಜ್ ಮಾಡಿ, ಆಫ್ ಮಾಡಿ, ತಣ್ಣಗಿನ ಒಣ ಡ್ರಾಯರ್‌ನಲ್ಲಿಡಿ. ಎರಡು ಮೂರು ತಿಂಗಳಿಗೊಮ್ಮೆ ಯಾರಾದರೂ ಸ್ವಲ್ಪ ತುಂಬಿಸಲಿ. ಪೂರ್ತಿ ಇಳಿದು ಹಾಗೇ ತಿಂಗಳು ಕೂತ ಲಿಥಿಯಂ ಬ್ಯಾಟರಿಯ ರಕ್ಷಣಾ ಸರ್ಕ್ಯೂಟ್ ಬಾಗಿಲು ಹಾಕಿಕೊಂಡುಬಿಡುತ್ತದೆ. ಆಗ ಮಲ್ಟಿಮೀಟರ್ ಇಟ್ಟರೆ ಸೊನ್ನೆ ತೋರಿಸುತ್ತದೆ. ಪಿಪೆಟನ್ನು ಅದರದೇ ಚಾರ್ಜರ್‌ನಲ್ಲಿ ಅರ್ಧ ಗಂಟೆ ಇಟ್ಟು, ಹತ್ತಿರವೇ ಇದ್ದು ನೋಡಿ. ಕೆಲವು ಏಳುತ್ತವೆ. ಏಳದಿದ್ದರೆ ಬೇರೆ ಬ್ಯಾಟರಿಯ ತಂತಿ ತಾಗಿಸಿ ಎಬ್ಬಿಸುವ ವಿಡಿಯೋಗಳನ್ನು ನೋಡಿ ಕೈ ಹಾಕಬೇಡಿ. 5ನೇ ಹಂತಕ್ಕೆ ಹೋಗಿ.